ಯಂತ್ರದ ನಕ್ಷೆ, ಮನುಷ್ಯನ ಲೆಕ್ಕ



ಕಟ್ಟಡದ ಕೊಳವೆಗಳನ್ನು ಕಾರ್ಖಾನೆಯಲ್ಲಿಯೇ ಕತ್ತರಿಸಿ ಬೆಸೆದು ತರಬೇಕಾದರೆ ಒಂದೊಂದು ಜೋಡಣೆಗೂ ನಕ್ಷೆ ಬೇಕು. 2000ದಲ್ಲಿ ಹೊರಬಂದ ‘ರೆವಿಟ್’ ತಂತ್ರಾಂಶಕ್ಕೆ, ಬೇಕಾದಂತೆ ಬರೆದ ‘ಆಡ್-ಇನ್’ ಎಂಬ ಉಪಾಂಗವನ್ನು ಸೇರಿಸಿದರೆ, ಅದು ಕೊಳವೆಗಳಿಗೆ ಸಂಖ್ಯೆ ಕೊಟ್ಟು, ಉದ್ದವನ್ನು ಗುರುತಿಸಿ, ಸಾಮಗ್ರಿಯ ಪಟ್ಟಿಯೊಡನೆ ಹಾಳೆಗಿಳಿಸುವುದು.

ಆದರೆ ನಿಯಮವನ್ನು ಹೇಳಿಕೊಡುವವನು ಮನುಷ್ಯನೇ. 45 ಡಿಗ್ರಿಯ ಓರೆಯಲ್ಲಿ 500 ಮಿಲಿಮೀಟರು ಪಕ್ಕಕ್ಕೆ ಸರಿಯುವ ಕೊಳವೆಯ ಓರೆಯುದ್ದ, ನಡುವಿನಿಂದ ನಡುವಿಗೆ, ಸುಮಾರು 707. ಎರಡು ಎಲ್ಬೋಗಳ ಪಾಲನ್ನೂ ಬೆಸುಗೆಯ ಸಂದನ್ನೂ ಕಳೆದರೆ ಮಾತ್ರ ಕತ್ತರಿಸುವ ಅಳತೆ ದೊರೆಯುವುದು. ಇದನ್ನು ಮರೆತ ಉಪಾಂಗವು ನೂರು ತಪ್ಪು ನಕ್ಷೆಗಳನ್ನೂ ಅಷ್ಟೇ ವೇಗದಿಂದ ಬರೆದೀತು.

ಈ ಲೆಕ್ಕ ನಮ್ಮ ಕನ್ನಡ ಶಾಲೆಯ ರೇಖಾಗಣಿತವೇ ಅಲ್ಲವೆ? ಕನ್ನಡದಲ್ಲಿ ಓದಿದ ಗಡಿನಾಡ ಮಕ್ಕಳು ಇಂಥ ಉದ್ಯೋಗಕ್ಕೆ ಹೊರಗಾಗುವರೆಂದು ತಂದೆತಾಯಿಗಳು ಅಳುಕಬೇಕಾಗಿಲ್ಲ. ಇಂಗ್ಲಿಷನ್ನೂ ಚೆನ್ನಾಗಿ ಕಲಿಸೋಣ. ತಿಳಿವಿನ ಬೇರು ಮಾತ್ರ ತಾಯ್ನುಡಿಯಲ್ಲಿಯೇ ಇರಲಿ.