ತಗಡಿಗೆ ತೂತು: ಯಾವುದಕ್ಕೆ ಯಾವ ಸಾಧನ?

(ಪುಣೆಯಲ್ಲಿ ನಡೆದ ಮಹಿಳಾ ವೇದಿಕೆಯ ಕೂಟದಲ್ಲಿ ಆಡಿದ ಮಾತು)



ಕಳೆದ ಕೂಟದಲ್ಲಿ ಹೋಳಿಗೆ, ಅದಕ್ಕೂ ಮುಂಚೆ ರಂಗೋಲಿ. ಈ ಸಲ ತಗಡಿಗೆ ತೂತು ಕೊರೆಯುವ ವಿಷಯ ಅಂದಾಗ ಕೆಲವರು ನಕ್ಕಿರಿ. ಎಂ.ಟೆಕ್ ಮಾಡಿ ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂರುವ ನನಗೂ ಇದು ಗೊತ್ತಿರಲಿಲ್ಲ. ತಪ್ಪು ಮಾಡಿ ಕಲಿತೆ.

ತಾರಸಿಯ ಟ್ಯಾಂಕ್ ತುಂಬಿದಾಗ ಪಂಪ್ ತಾನಾಗಿ ನಿಲ್ಲಲಿ ಎಂದು ಮನೆಯಲ್ಲೇ ಒಂದು ಕಂಟ್ರೋಲರ್ ಮಾಡಿದೆ. ಅದನ್ನಿಡಲು 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಕಬ್ಬಿಣದ ಪೆಟ್ಟಿಗೆ ತಂದೆ. ವೈರ್ ಹಾಯಿಸಲು ಮನೆಯಲ್ಲಿದ್ದ 10 ಮಿ.ಮೀ. ಡ್ರಿಲ್ ಬಿಟ್‌ನಿಂದ ಕೊರೆದೆ. ತೂತು ಮೂರು ಮೂಲೆಯದಾಯಿತು, ಅಂಚು ಗರಗಸದ ಹಾಗೆ. ಯಾರಿಗೆ ಕಾಣುತ್ತದೆ ಎಂದು ಬಿಟ್ಟೆ. ಕೆಲವು ವಾರಗಳಾದ ಮೇಲೆ ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗತೊಡಗಿತು. ತೆರೆದು ನೋಡಿದರೆ, ವೈರ್ ಆ ಅಂಚಿಗೆ ಉಜ್ಜಿ ಉಜ್ಜಿ ತಾಮ್ರ ಕಾಣುತ್ತಿತ್ತು. ದಿನಾ ಗಿಡಗಳಿಗೆ ನೀರು ಹಾಕಿ, ಒದ್ದೆ ಕೈಯಲ್ಲೇ ಆ ಪೆಟ್ಟಿಗೆಯ ಸ್ವಿಚ್ ಒತ್ತುವವರು ನಮ್ಮ ಅತ್ತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪಿದ್ದೆಲ್ಲಿ? 10 ಮಿ.ಮೀ. ಬಿಟ್‌ನ ಚೂಪು ತುದಿಯೇ ಸುಮಾರು 3 ಮಿ.ಮೀ. ಉದ್ದ. ತೆಳು ತಗಡಿನಲ್ಲಿ ಬಿಟ್‌ನ ಪೂರ್ತಿ ಅಗಲ ಒಳಗಿಳಿಯುವ ಮೊದಲೇ ತುದಿ ಆಚೆ ಹೋಗಿರುತ್ತದೆ. ನಡುವೆ ಹಿಡಿತವಿಲ್ಲದೆ ಬಿಟ್ ಓಲಾಡುತ್ತದೆ. ಕೊನೆಯಲ್ಲಿ ತಗಡಿಗೆ ಸಿಕ್ಕಿಕೊಂಡು ಅದನ್ನೇ ಗಿರಗಿರ ತಿರುಗಿಸಬಹುದು. ಆದ್ದರಿಂದ ತಗಡನ್ನು ಕೈಯಲ್ಲಿ ಹಿಡಿಯಬೇಡಿ, ಕ್ಲಾಂಪ್ ಹಾಕಿ.

ಸ್ಕ್ರೂ ಹಾಕುವಂಥ ಚಿಕ್ಕ ತೂತಿಗೆ ಸಾಮಾನ್ಯ ಬಿಟ್ ಸಾಕು, ತಗಡಿನಡಿ ಮರದ ತುಂಡಿಡಿ. ಅದಕ್ಕಿಂತ ದೊಡ್ಡದಕ್ಕೆ ಸ್ಟೆಪ್ ಡ್ರಿಲ್. ಗೋಪುರದಂತೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. 4ರಿಂದ 20 ಮಿ.ಮೀ.ವರೆಗೆ, 2 ಮಿ.ಮೀ.ನಂತೆ ಏರುವ 9 ಮೆಟ್ಟಿಲಿನದು ಸಿಗುತ್ತದೆ. ತೂತು ದುಂಡಗೆ ಬರುತ್ತದೆ. ಕೊಳ್ಳುವಾಗ ಒಂದು ಮೆಟ್ಟಿಲಿನ ಎತ್ತರ ತಗಡಿನ ದಪ್ಪಕ್ಕಿಂತ ಹೆಚ್ಚಿದೆಯೇ ನೋಡಿ. ಇದರ ತುದಿ ಇಳಿಯಲು ತಗಡಿನ ಹಿಂದೆ ಜಾಗ ಬೇಕು.

ಇನ್ನೂ ದೊಡ್ಡ ತೂತಿಗೆ ಹೋಲ್ ಸಾ. ಒಂದೇ ಅಳತೆಯ ತೂತುಗಳು ಹಲವು ಬೇಕಿದ್ದರೆ ನಾಕೌಟ್ ಪಂಚ್: ಮೊದಲು ಬೋಲ್ಟ್ ಹಿಡಿಯುವಷ್ಟು ತೂತು, ಆಮೇಲೆ ತಗಡಿನ ಈಚೆ ಪಂಚ್, ಆಚೆ ಡೈ ಇಟ್ಟು ಸ್ಪ್ಯಾನರ್‌ನಿಂದ ಬಿಗಿಯುತ್ತ ಹೋದರೆ ತಗಡು ಬಿಸ್ಕತ್ತಿನಂತೆ ಕತ್ತರಿಸಿ ಬರುತ್ತದೆ. ಎಲ್ಲಕ್ಕಿಂತ ಚೊಕ್ಕ ಇದೇ. ಆದರೆ ಪ್ರತಿ ಅಳತೆಗೂ ಬೇರೆ ಪಂಚ್ ಬೇಕು. ನನ್ನ ಒಂದೆರಡು ತೂತಿಗೆ ಸ್ಟೆಪ್ ಡ್ರಿಲ್ ಸಾಕಾಯಿತು.

ತೂತು ದೊಡ್ಡದಾದಷ್ಟೂ ವೇಗ ಕಡಿಮೆ ಇರಲಿ. ಸಾಮಾನ್ಯ ಕಬ್ಬಿಣಕ್ಕೆ 20 ಮಿ.ಮೀ. ಅಳತೆಯಲ್ಲಿ ನಿಮಿಷಕ್ಕೆ 400 ಸುತ್ತು ಸಾಕು, ಜೊತೆಗೆ ಒಂದೆರಡು ಹನಿ ಎಣ್ಣೆ. ಸ್ಟೀಲ್ ಪಾತ್ರೆಯ ಲೋಹಕ್ಕೆ ಇನ್ನೂ ನಿಧಾನ, ಆದರೆ ಒತ್ತಡ ಬಿಡಬಾರದು. ಕೊರೆಯದೆ ಬರೀ ಉಜ್ಜಿದರೆ ಅದು ಗಟ್ಟಿಯಾಗುತ್ತದೆ. ಕೂದಲು ಕಟ್ಟಿ, ದುಪಟ್ಟಾ, ಬಳೆ ತೆಗೆದಿಡಿ. ಕನ್ನಡಕ ಬೇಕೇ ಬೇಕು. ಬಿಟ್ ತಿರುಗುವಾಗ ಕೈಗವಸು ಬೇಡ, ಸುತ್ತಿಕೊಳ್ಳುತ್ತದೆ.

ಕೊರೆದ ಮೇಲೆ ಅಂಚನ್ನು ದುಂಡು ಅರದಿಂದ ಉಜ್ಜಿ, ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿ, ಕೇಬಲ್ ಗ್ಲ್ಯಾಂಡ್ ಅಥವಾ ರಬ್ಬರ್ ಗ್ರಾಮೆಟ್ ಕೂರಿಸಿ. ಇದನ್ನು ಮಾತ್ರ ಬಿಡಬೇಡಿ.

ಸ್ಟೆಪ್ ಡ್ರಿಲ್ ಕೇಳಿದಾಗ ಅಂಗಡಿಯವರು ‘ಸಾಹೇಬಾಂನಾ ಪಾಠವಾ’ ಅಂದರು. ತಗಡು 1.2, ತೂತು 20 ಅಂದೆ. ಮರುಮಾತಿಲ್ಲದೆ ಸರಿಯಾದದ್ದನ್ನೇ ತೆಗೆದುಕೊಟ್ಟರು. ಈ ಎರಡು ಅಂಕಿ ಗೊತ್ತಿದ್ದರೆ ಸಾಹೇಬರು ಬೇಕಿಲ್ಲ.

ಹೊಸ ಪೆಟ್ಟಿಗೆಯನ್ನು ಗೋಡೆಗೆ ಹಾಕುವ ಮುಂಚೆ ಅತ್ತೆ ತೂತಿನ ಅಂಚಿನ ಮೇಲೆ ಬೆರಳಾಡಿಸಿ, “ಈಗ ಸರಿಯಾಯ್ತು ನೋಡು” ಅಂದರು.