ತಾಯಿಯ ಕಾಲದ ನಂತರ ಅವನ ಗತಿಯೇನು?



ಒಕ್ಕಲು ಮನೆಗಳಲ್ಲಿ ಒಬ್ಬ ತಮ್ಮನೋ, ಅಣ್ಣನ ಮಗನೋ ಬುದ್ಧಿಯಲ್ಲಿ ಸ್ವಲ್ಪ ನಿಧಾನವಾಗಿರುವುದುಂಟು. ಅವನಿಗೆ ಲೆಕ್ಕ ಹತ್ತುವುದಿಲ್ಲ. ಆದರೆ ಮೈಯಲ್ಲಿ ಕಸುವಿದೆ, ದನಕರುಗಳ ಮೇಲೆ ಮಮತೆಯಿದೆ. ತಾಯಿ ಹೊತ್ತು ಹೊತ್ತಿಗೆ ಊಟವಿಡುತ್ತಾಳೆ. ಆಕೆಯ ಕಾಲದ ನಂತರ ಅವನ ಗತಿಯೇನು? ಈ ಯೋಚನೆಯನ್ನು ಆಕೆ ಗಟ್ಟಿಯಾಗಿರುವಾಗಲೇ ಮಾಡತಕ್ಕದ್ದು.

ಇಂಥವರು ಕಲಿಯಲಾರರೆಂಬುದು ತಪ್ಪು ತಿಳಿವಳಿಕೆ. ಕಲಿಸುವ ಕ್ರಮ ಬೇರೆಯಾಗಬೇಕು, ಅಷ್ಟೆ. ಹಾಲು ಕರೆಯುವ ಕೆಲಸವನ್ನೇ ನೋಡಿರಿ. ಕೈ ತೊಳೆಯುವುದು, ಕೆಚ್ಚಲನ್ನು ತೊಳೆದು ಒಣಬಟ್ಟೆಯಿಂದ ಒರೆಸುವುದು, ಮೊದಲ ಎರಡು ಮೂರು ಧಾರೆಗಳನ್ನು ಬೇರೆ ಬಟ್ಟಲಿಗೆ ಕರೆದು ಗರಣೆಯಿದೆಯೇ ಎಂದು ನೋಡುವುದು, ಆಮೇಲೆ ಕರೆಯುವುದು, ಕಡೆಗೆ ಡೇರಿಗೆ ಒಯ್ಯುವುದು. ಹೀಗೆ ಬಿಡಿಬಿಡಿಯಾಗಿ ಮಾಡಿ, ಒಂದು ಹಂತ ಕೈಗೆ ಹತ್ತಿದ ಮೇಲೆ ಇನ್ನೊಂದನ್ನು ಕಲಿಸಬೇಕು. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು. ದಿನವೂ ಅದೇ ಹೊತ್ತು, ಅದೇ ಕ್ರಮವಿರಲಿ. ಹಿಂಡಿ ಅಳೆಯಲು ಗೊತ್ತಾದ ಒಂದೇ ಡಬ್ಬ ಇಡಿರಿ. ಅನ್ನದ ಪಾತ್ರೆಗೆ ನೀರಿನ ಮಟ್ಟದ ಗುರುತು ಹಾಕಿರಿ. ತಪ್ಪಿದರೆ ಗದರಿಸಿ ಕೆಲಸ ಕಿತ್ತುಕೊಳ್ಳಬಾರದು. ತಪ್ಪಿದ ಹಂತವನ್ನು ಮಾತ್ರ ಮತ್ತೆ ತೋರಿಸಬೇಕು. ಕೀಟನಾಶಕಗಳು ಬೀಗದಲ್ಲಿರಲಿ, ಸಿಂಪರಣೆಯ ಕೆಲಸ ಅವನಿಗೆ ಬೇಡ. ಮನೆಯ ಹೆಣ್ಣುಮಗಳಿಗೆ ಕಲಿಸುವಾಗಲೂ ಕ್ರಮ ಇದೇ.

ಕೆಲಸ ಬಂದರೆ ಸಾಲದು, ದುಡ್ಡಿನ ವ್ಯವಹಾರವೂ ಬರಬೇಕು. ಅವನು ನೋಡಿಕೊಳ್ಳುವ ಹಸುವಿನ ಹಾಲಿನ ಹಣ ಅವನದೇ ಬ್ಯಾಂಕ್ ಖಾತೆಗೆ ಸೇರಲಿ. ವಾರಕ್ಕಿಷ್ಟೆಂದು ಕೈಗೆ ಕೊಟ್ಟು, ಸೋಪು, ಎಣ್ಣೆಗಳನ್ನು ಅವನಿಂದಲೇ ತರಿಸಿರಿ. ಮೊದಲು ಜೊತೆಗೆ ಹೋಗಿರಿ, ಆಮೇಲೆ ದೂರದಲ್ಲಿ ನಿಂತು ನೋಡಿರಿ, ಕಡೆಗೆ ಒಬ್ಬನನ್ನೇ ಕಳುಹಿಸಿರಿ. ಹತ್ತಿಪ್ಪತ್ತು ರೂಪಾಯಿ ಮೋಸಹೋದರೂ ಚಿಂತೆಯಿಲ್ಲ, ಆ ಪಾಠ ಅಗ್ಗದ್ದು. ಯಾವ ಕಾಗದಕ್ಕೇ ಆಗಲಿ, ಹೆಬ್ಬೆಟ್ಟು ಒತ್ತುವ ಮೊದಲು ಯಾರನ್ನು ಕೇಳಬೇಕೆಂಬುದನ್ನು ಮಾತ್ರ ಕಟ್ಟುನಿಟ್ಟಾಗಿ ಕಲಿಸಿರಿ.

ಇನ್ನು ಜಮೀನಿನ ಮಾತು. ಆಸ್ತಿ ಹೊಂದಲು, ಹಿರಿಯರ ಆಸ್ತಿಯಲ್ಲಿ ಪಾಲು ಪಡೆಯಲು ಇತರರಿಗಿರುವಷ್ಟೇ ಹಕ್ಕು ಇವರಿಗೂ ಇದೆಯೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹೇಳುತ್ತದೆ. ಬುದ್ಧಿ ಸಾಲದೆಂದು ಪಾಲುಪಟ್ಟಿಯಿಂದ ಹೆಸರು ಬಿಡುವುದು ಅನ್ಯಾಯ. ವೈದ್ಯರ ಪ್ರಮಾಣಪತ್ರ ಹಾಗೂ ವಿಕಲಚೇತನರ ಗುರುತಿನ ಚೀಟಿಗಾಗಿ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ನ್ಯೂನತೆ ಶೇಕಡ 40 ಅಥವಾ ಹೆಚ್ಚೆಂದು ದೃಢಪಟ್ಟರೆ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ.

ಕೊಟ್ಟಿಗೆಯ ಪಕ್ಕದಲ್ಲಿ ಅವನದೇ ಒಂದು ಕೋಣೆ, ಒಂದು ಒಲೆ, ಕರೆಯುವ ಒಂದು ಹಸು, ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ ಅಣ್ಣ ಅತ್ತಿಗೆಯರು ಇದ್ದರೆ ಬದುಕು ಸಾಗುತ್ತದೆ. ಮುಂದಿನ ಸುಗ್ಗಿಯೊಳಗೆ ಒಂದು ಕೆಲಸವನ್ನಾದರೂ ಪೂರ್ತಿಯಾಗಿ ಅವನಿಗೇ ವಹಿಸಿರಿ.