ಚೈನ್ ಟ್ರ್ಯಾಕ್ಟರು ತಿರುಗಲೊಲ್ಲದೆ ಹೋದರೆ



ಎತ್ತು ಹಟ ಹಿಡಿದರೆ ಪುಸಲಾಯಿಸಿಯೋ ಗದರಿಸಿಯೋ ದಾರಿಗೆ ತರಬಹುದು. ಹತ್ತಾರು ಟನ್ನು ತೂಗುವ ಚೈನ್ ಟ್ರ್ಯಾಕ್ಟರು ಹಟ ಹಿಡಿದರೆ ಮಾಡುವುದೇನು? ಎಡಕ್ಕೆ ತಿರುಗೆಂದರೆ ನೆಟ್ಟಗೆ ಹೋಗುವುದು, ನೆಟ್ಟಗೆ ಹೋಗೆಂದರೆ ಬಲಕ್ಕೆ ಎಳೆಯುವುದು, ಇದು ಹಳೆಯ ಯಂತ್ರಗಳ ಸಾಮಾನ್ಯ ರೋಗ. ಬಯಲುಸೀಮೆಯ ಹೊಲದಲ್ಲಾದರೆ ನಾಲ್ಕು ಮಾರು ಆಚೆ ಹೋಗಿ ನಿಂತೀತು. ನಮ್ಮ ಮಿರ್ಜಾನದ ಕಡೆ ಹಾಗಲ್ಲ. ಒಂದು ಮಗ್ಗುಲಿಗೆ ಅಘನಾಶಿನಿ ಹೊಳೆ ಮತ್ತು ಅದರ ಗಜನಿ, ಇನ್ನೊಂದು ಮಗ್ಗುಲಿಗೆ ಚಿರೇಕಲ್ಲಿನ ಗುಡ್ಡ. ಒಡ್ಡಿನ ಅಂಚಿನಲ್ಲಾಗಲಿ ಬೇಣದ ಇಳಿಜಾರಿನಲ್ಲಾಗಲಿ ಯಂತ್ರವು ಮಾತು ಕೇಳದಿದ್ದರೆ ಡ್ರೈವರನ ಜೀವಕ್ಕೇ ಸಂಚಕಾರ. ಆದುದರಿಂದ ಇಂಥ ಯಂತ್ರವನ್ನು ಕೊಂಡವರೂ ಬಾಡಿಗೆಗೆ ಕರೆಸುವವರೂ ಈ ಮಾತನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು.

ಈ ಯಂತ್ರಗಳು ನಮ್ಮ ದೇಶದ ಬೇಸಾಯಕ್ಕೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಸ್ವಾತಂತ್ರ್ಯದ ಹೊತ್ತಿಗೆ. 1947ರಲ್ಲಿ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯು ಹುಟ್ಟಿತು; ಅಮೆರಿಕದ ಸೈನ್ಯವು ಬಿಟ್ಟುಹೋದ ಟ್ರ್ಯಾಕ್ಟರುಗಳೇ ಅದರ ಮೊದಲ ಬಂಡವಾಳ. 1949ರಲ್ಲಿ ವಿಶ್ವಬ್ಯಾಂಕು ಒಂದು ಕೋಟಿ ಡಾಲರು ಸಾಲ ಕೊಟ್ಟ ಮೇಲೆ, ಆಳವಾಗಿ ಬೇರು ಬಿಡುವ ಕಾನ್ಸ್ ಹುಲ್ಲು ಹಬ್ಬಿ ಪಾಳುಬಿದ್ದ ಭೂಮಿಯನ್ನು ಉಳಲು ಹೊಸ ಯಂತ್ರಗಳು ಬಂದವು. ನಮ್ಮ ರಾಜ್ಯದಲ್ಲಿಯೇ ಡೋಜರು ತಯಾರಿಸುವ ಬಿ.ಇ.ಎಂ.ಎಲ್. ಸ್ಥಾಪನೆಯಾದದ್ದು 1964ರಲ್ಲಿ, ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಅದರ ಕಾರ್ಖಾನೆಯಿದೆ. ಯಂತ್ರ ಯಾವ ಊರಿನದೇ ಇರಲಿ, ಹಳೆಯ ಮಾದರಿಗಳಲ್ಲಿ ತಿರುಗುವ ಕ್ರಮ ಬಹಳ ಮಟ್ಟಿಗೆ ಒಂದೇ.

ಚೈನ್ ಟ್ರ್ಯಾಕ್ಟರಿಗೆ ತಿರುಗಿಸುವ ಚಕ್ರ ಇಲ್ಲ. ಇಂಜಿನಿನ ಶಕ್ತಿಯು ಮೇನ್ ಕ್ಲಚ್ಚು ದಾಟಿ, ಗೇರುಪೆಟ್ಟಿಗೆ ದಾಟಿ, ಹಿಂದುಗಡೆ ಎರಡು ಪಾಲಾಗುವುದು. ಎಡ ಚೈನಿಗೆ ಒಂದು ಸ್ಟಿಯರಿಂಗ್ ಕ್ಲಚ್ಚು, ಬಲ ಚೈನಿಗೆ ಒಂದು. ಎಡಗಡೆಯ ಸನ್ನೆಯನ್ನು ಎಳೆದರೆ ಎಡ ಕ್ಲಚ್ಚು ಬಿಡುವುದು, ಎಡ ಚೈನಿಗೆ ಬಲ ತಪ್ಪುವುದು, ಬಲ ಚೈನು ಮಾತ್ರ ನೂಕುವುದರಿಂದ ಯಂತ್ರ ಮೆಲ್ಲಗೆ ಎಡಕ್ಕೆ ಹೊರಳುವುದು. ಗಕ್ಕನೆ ತಿರುಗಬೇಕಾದರೆ ಎಡ ಬ್ರೇಕನ್ನೂ ಒತ್ತಬೇಕು. ಕ್ಲಚ್ಚಿನೊಳಗೆ ಉಕ್ಕಿನ ತಟ್ಟೆ, ಲೈನಿಂಗಿನ ತಟ್ಟೆ, ಹೀಗೆ ಒಂದು ಬಿಟ್ಟು ಒಂದು ಜೋಡಿಸಿ ಸ್ಪ್ರಿಂಗಿನಿಂದ ಅದುಮಿರುತ್ತಾರೆ. ಅದರ ಹೊರಗಿನ ಡ್ರಮ್ಮಿಗೇ ಬ್ರೇಕಿನ ಪಟ್ಟಿ ಸುತ್ತಿರುತ್ತದೆ. ಇಷ್ಟು ತಿಳಿದರೆ ಸಾಕು.

ಈಗ ಯಂತ್ರ ತಿರುಗುತ್ತಿಲ್ಲ ಎನ್ನಿ. ಕೂಡಲೇ ಬಿಚ್ಚಲು ಹೋಗಬೇಡಿ. ಬಿಚ್ಚುವುದು ಎರಡು ದಿನದ ಕೆಲಸ, ಸಾವಿರಾರು ರೂಪಾಯಿಯ ಬಾಬತ್ತು. ಮೊದಲು ದೋಷ ಕ್ಲಚ್ಚಿನದೋ ಬ್ರೇಕಿನದೋ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಯಂತ್ರ ನಿಲ್ಲಿಸಿ. ಹಿಂದೆ ಮುಂದೆ ಯಾರೂ ಇರಕೂಡದು, ಮಕ್ಕಳಂತೂ ಅಂಗಳದಾಚೆಗೇ ಇರಲಿ. ಮೇನ್ ಕ್ಲಚ್ಚು ಬಿಡಿಸಿ ಮೇಲಿನ ಗೇರು ಹಾಕಿ. ಬಲಗಡೆಯ ಸನ್ನೆಯನ್ನು ಪೂರ್ತಿ ಎಳೆದು ಹಿಡಿಯಿರಿ. ಎಡ ಬ್ರೇಕನ್ನು ಬಿಗಿಯಾಗಿ ಒತ್ತಿ. ಎಡ ಸನ್ನೆಯನ್ನು ಮುಟ್ಟಬೇಡಿ. ಈಗ ಮೇನ್ ಕ್ಲಚ್ಚನ್ನು ನಿಧಾನವಾಗಿ ಕೂಡಿಸಿ. ಇಂಜಿನು ತಿಣುಕಿ ನಿಂತುಹೋದರೆ ಎಡಗಡೆಯ ಕ್ಲಚ್ಚೂ ಬ್ರೇಕೂ ಚೆನ್ನಾಗಿ ಹಿಡಿಯುತ್ತಿವೆ. ಎಡ ಚೈನು ಜಾರುತ್ತ ಮುಂದೆ ಹೊರಟರೆ ಬ್ರೇಕು ಸೋತಿದೆ. ಯಂತ್ರ ನಿಂತಲ್ಲೇ ನಿಂತು ಇಂಜಿನು ಮಾತ್ರ ಓಡುತ್ತಿದ್ದರೆ ಕ್ಲಚ್ಚು ಜಾರುತ್ತಿದೆ. ಇದನ್ನೇ ಬಲಗಡೆಗೂ ಮಾಡಿ. ಎರಡೂ ಕಡೆ ಇಂಜಿನು ಹೀಗೆಯೇ ಓಡಿದರೆ ಅನುಮಾನವನ್ನು ಮೇನ್ ಕ್ಲಚ್ಚಿನ ಮೇಲೆ ಇಡಿ. ಒಂದೆರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬಾರದು ಮಾರಾಯ್ರೇ, ಒಳಗಿನ ತಟ್ಟೆ ಕಾದು ಕೆಡುತ್ತದೆ.

ಎರಡನೆಯದು ಸನ್ನೆಯ ಖಾಲಿ ಓಟ. ನಮ್ಮ ಡ್ರೈವರರು ಅದಕ್ಕೆ 'ಪ್ಲೇ' ಅನ್ನುತ್ತಾರೆ. ಸನ್ನೆಯನ್ನು ಎಳೆದಾಗ ಮೊದಲು ಸ್ವಲ್ಪ ದೂರ ಹಗುರವಾಗಿ ಬಂದು, ಆಮೇಲೆ ಬಿಗಿ ಸಿಗಬೇಕು. ಈ ಓಟ ಅತಿಯಾದರೆ ಸನ್ನೆಯನ್ನು ಎಷ್ಟು ಎಳೆದರೂ ಕ್ಲಚ್ಚು ಪೂರ್ತಿ ಬಿಡದು. ಓಟವೇ ಇಲ್ಲದಿದ್ದರೆ ಕ್ಲಚ್ಚು ಸದಾ ಅರ್ಧ ಬಿಟ್ಟಂತಿದ್ದು ಜಾರುವುದು, ಬೇರಿಂಗೂ ಸುಟ್ಟುಹೋಗುವುದು. ಲೈನಿಂಗು ಸವೆದಂತೆಲ್ಲ ಓಟ ಕಡಿಮೆಯಾಗುತ್ತ ಬರುತ್ತದೆ. ವರುಷಗಟ್ಟಲೆ ನೋಡದೆ ಬಿಟ್ಟ ಯಂತ್ರ ಜಾರುವುದಕ್ಕೆ ಬಹಳ ಸಲ ಇಷ್ಟೇ ಕಾರಣ. ಎಷ್ಟು ಇಂಚು ಇರಬೇಕು ಎಂಬುದು ಒಂದೊಂದು ಮಾದರಿಗೆ ಒಂದೊಂದು ತೆರ. ಆ ಯಂತ್ರದ ಪುಸ್ತಕ ತೆಗೆದು, ಸನ್ನೆಯ ತುದಿಯಲ್ಲಿ ಟೇಪು ಹಿಡಿದು ಅಳೆಯಿರಿ. ಕಣ್ಣಂದಾಜು ಬೇಡ. ಬ್ರೇಕಿನ ಪಟ್ಟಿಯನ್ನೂ ಹೀಗೆಯೇ ಪುಸ್ತಕ ನೋಡಿ ಬಿಗಿಮಾಡಬೇಕು. 'ಇನ್ನೂ ಒಂದು ಸುತ್ತು ಇರಲಿ' ಎಂದು ಬಿಗಿದರೆ ಪಟ್ಟಿ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಆಗ ಯಂತ್ರ ಆ ಕಡೆಗೆ ಎಳೆಯುವುದು, ಡ್ರಮ್ಮು ಕೆಂಡವಾಗುವುದು. ಒಂದು ಕಡೆಗೆ ಎಳೆಯುವ ಯಂತ್ರದಲ್ಲಿ ಎರಡು ಚೈನಿನ ಬಿಗಿ ಸಮನಾಗಿದೆಯೇ ಎಂದೂ ನೋಡಿರಿ. ಎಷ್ಟೋ ಸಲ ಕ್ಲಚ್ಚಿನ ತಪ್ಪೇ ಇರುವುದಿಲ್ಲ.

ಇನ್ನು ನಮ್ಮ ಕರಾವಳಿಯದೇ ಆದ ತೊಂದರೆ. ಕುಮಟೆಯ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅನೇಕ ಹಳೆಯ ಯಂತ್ರಗಳ ಸ್ಟಿಯರಿಂಗ್ ಕ್ಲಚ್ಚು ಎಣ್ಣೆಯಿಲ್ಲದ ಒಣ ಕೋಣೆಯಲ್ಲಿರುತ್ತದೆ. ಜೂನಿನಿಂದ ಅಕ್ಟೋಬರ್ ತನಕ ಯಂತ್ರವನ್ನು ಕದಲಿಸದೆ ನಿಲ್ಲಿಸಿದರೆ ತೇವಕ್ಕೆ ತಟ್ಟೆಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಜನಿಯ ಉಪ್ಪುನೀರು ಒಳಹೊಕ್ಕಿದ್ದರಂತೂ ಕೇಳಲೇಬೇಡಿ. ಆಗ ಸನ್ನೆ ಸರಿಯಾಗಿಯೇ ಬರುತ್ತದೆ, ಕ್ಲಚ್ಚು ಬಿಡುವುದಿಲ್ಲ. ಅಗಲವಾದ ಸಮನೆಲದಲ್ಲಿ ಕೆಳಗಿನ ಗೇರು ಹಾಕಿ, ಅಂಟಿದ ಕಡೆಯ ಸನ್ನೆಯನ್ನು ಪೂರ್ತಿ ಎಳೆದು, ಅದೇ ಕಡೆಯ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ನಡೆಸಿದರೆ ಅನೇಕ ವೇಳೆ ಬಿಡುತ್ತದೆ. ನಾಲ್ಕೈದು ಸಲಕ್ಕೆ ಬಿಡದಿದ್ದರೆ ಫಿಟ್ಟರನನ್ನು ಕರೆಸಿ. ಸುತ್ತಿಗೆಯ ಏಟು ಬೇಡ.

ಒಣ ಕ್ಲಚ್ಚಿನ ಕೋಣೆಯ ತಳದಲ್ಲಿ ಒಂದು ತೂತು, ಅದಕ್ಕೊಂದು ಬಿರಡೆ ಇರುತ್ತದೆ. ಕೆಸರಿನಲ್ಲಿ, ಉಬ್ಬರದ ನೀರಿನಲ್ಲಿ ಇಳಿಯುವ ಮುಂಚೆ ಬಿರಡೆ ಹಾಕಬೇಕು. ಮೇಲೆ ಬಂದಕೂಡಲೇ ತೆಗೆದು ಒಳಗಿನದನ್ನು ಬಸಿಯಬೇಕು. ಏನು ಬಸಿಯಿತು ಎಂಬುದನ್ನು ನೋಡಿ. ನೀರಾದರೆ ಒಣಗಿಸಿದರೆ ಆಯಿತು. ಎಣ್ಣೆ ಬಂದರೆ ಯಾವುದೋ ಸೀಲು ಹೋಗಿದೆ ಎಂದರ್ಥ. ಪುಸ್ತಕದಲ್ಲಿ ಹೇಳಿದ ದ್ರಾವಣದಿಂದ ತಟ್ಟೆಗಳನ್ನು ತೊಳೆದರೆ ಕೆಲವು ದಿನ ಹಿಡಿದಾವು, ಆದರೆ ಸೀಲು ಬದಲಿಸದೆ ತೊಳೆಯುವುದೆಂದರೆ ಸೋರುವ ಮಾಡನ್ನು ಬಿಟ್ಟು ನೆಲ ಒರೆಸಿದಂತೆ. ಪೆಟ್ರೋಲನ್ನು ಎಂದಿಗೂ ಸುರಿಯಬೇಡಿ. ಬಿಸಿ ಡ್ರಮ್ಮಿನ ಹತ್ತಿರ ಚಿಮಣಿ ಎಣ್ಣೆಯೂ ಬೇಡ, ಬೀಡಿಯೂ ಬೇಡ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಗಾಳಿ ಊದಿ ಧೂಳು ಹಾರಿಸದೆ ಒದ್ದೆ ಅರಿವೆಯಿಂದ ಒರೆಸಬೇಕು. ಆ ಅರಿವೆಯನ್ನು ಮನೆಯ ಬಟ್ಟೆಯ ಜತೆ ಒಗೆಯಲು ಹಾಕಬೇಡಿ. ಕೆಲವು ಮಾದರಿಗಳಲ್ಲಿ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿಯೇ ಕೆಲಸ ಮಾಡುತ್ತದೆ. ಅಲ್ಲಿ ಈ ಬಸಿಯುವ, ತೊಳೆಯುವ ಉಪಚಾರ ಸಲ್ಲದು. ನಿಮ್ಮದು ಯಾವ ಜಾತಿ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇಳಿಜಾರಿನದು. ಗುಡ್ಡ ಇಳಿಯುವಾಗ ಇಂಜಿನು ಯಂತ್ರವನ್ನು ನೂಕುವುದಿಲ್ಲ, ಹಿಡಿದಿಡುತ್ತದೆ. ಆಗ ಬ್ರೇಕು ಒತ್ತದೆ ಎಡ ಸನ್ನೆಯನ್ನು ಮಾತ್ರ ಎಳೆದರೆ ಎಡ ಚೈನಿನ ಹಿಡಿತ ತಪ್ಪಿ, ಅದು ತನ್ನ ಪಾಡಿಗೆ ಉರುಳಿ ಮುಂದಾಗುತ್ತದೆ. ಯಂತ್ರವು ಎಡಕ್ಕೆ ಬದಲು ಬಲಕ್ಕೆ ಹೊರಳುತ್ತದೆ! ಯಂತ್ರ ಕೆಟ್ಟಿತೆಂದು ಗಾಬರಿಯಾದ ಡ್ರೈವರನು ಇನ್ನಷ್ಟು ಎಳೆಯುತ್ತಾನೆ, ಅದು ಇನ್ನಷ್ಟು ಬಲಕ್ಕೆ ಹೋಗುತ್ತದೆ. ಇದು ಯಂತ್ರದ ದೋಷವಲ್ಲ, ಅದರ ಸ್ವಭಾವ. ಆದುದರಿಂದ ಇಳಿಯುವ ಮೊದಲೇ ಕೆಳಗಿನ ಗೇರು ಹಾಕಿ ನೆಟ್ಟಗೆ ಇಳಿಯಿರಿ. ತಿರುಗಲೇಬೇಕಾದರೆ ಸನ್ನೆಯ ಜತೆಗೇ ಬ್ರೇಕು ಒತ್ತಿರಿ. ನಡುವೆ ಗೇರು ಬದಲಿಸುವುದು, ಮೇನ್ ಕ್ಲಚ್ಚು ಬಿಡಿಸುವುದು ಕೂಡದು. ಮೇಲೆ ಹೇಳಿದ ಪರೀಕ್ಷೆಯಲ್ಲಿ ಬ್ರೇಕು ಸೋತ ಯಂತ್ರವನ್ನು ಬಾಡಿಗೆ ಎಷ್ಟು ಕಡಿಮೆ ಹೇಳಿದರೂ ಗುಡ್ಡಕ್ಕೆ ಹತ್ತಿಸಬೇಡಿ, ಗಜನಿಯ ಒಡ್ಡಿನ ಅಂಚಿಗೂ ಬಿಡಬೇಡಿ.

ಮಳೆಗಾಲಕ್ಕೆ ಯಂತ್ರವನ್ನು ನಿಲ್ಲಿಸುವಾಗ ಉಪ್ಪು ಕೆಸರನ್ನು ಸಿಹಿನೀರಿನಿಂದ ತೊಳೆದು, ಬಿರಡೆ ತೆಗೆದು ಬಸಿದು, ಮಾಡಿನ ಕೆಳಗೆ ಹಲಗೆಯ ಮೇಲೆ ನಿಲ್ಲಿಸಿ, ಮುಂದಿನ ಬ್ಲೇಡನ್ನು ನೆಲಕ್ಕೆ ಇಳಿಸಿಡಿ. ಹದಿನೈದು ದಿನಕ್ಕೊಮ್ಮೆ ಇಂಜಿನು ಚಾಲೂ ಮಾಡಿ, ಎರಡು ಮಾರು ಹಿಂದೆ ಮುಂದೆ ನಡೆಸಿ, ಎರಡೂ ಸನ್ನೆಗಳನ್ನು ಹತ್ತು ಸಲ ಎಳೆದು ಬಿಡಿ.